ಹುಟ್ಟು ಕೈಯಲ್ಲಿ, ಬಲ ಕಾಲಲ್ಲಿ

ರೇಸಿನ ದೋಣಿಯನ್ನು ಮೊದಲ ಸಲ ಹತ್ತಿರದಿಂದ ನೋಡುವವರಿಗೆ ಅದರ ಉದ್ದ, ತೆಳುವಿಗಿಂತ ಹೆಚ್ಚು ಅಚ್ಚರಿ ತರುವುದು ಒಳಗೆ ಬಿಗಿದಿಟ್ಟ ಷೂಗಳು. ಓರೆಯಾದ ಹಲಗೆಯೊಂದಕ್ಕೆ ಜೋಡಿ ಷೂಗಳನ್ನು ಸ್ಕ್ರೂ ಹಾಕಿ ಕೂರಿಸಿರುತ್ತಾರೆ. ಓಡಿಸುವವರು ದಡದಲ್ಲಿ ಚಪ್ಪಲಿ ಬಿಟ್ಟು ಬಂದು, ದೋಣಿಯೊಳಗಿನ ಷೂಗೆ ಕಾಲು ತೂರಿಸಿ, ಪಟ್ಟಿ ಬಿಗಿದುಕೊಂಡ ಮೇಲಷ್ಟೇ ಹುಟ್ಟಿಗೆ ಕೈ ಹಾಕುತ್ತಾರೆ. ಆ ಹಲಗೆಯ ಓರೆ ಎಷ್ಟು ಡಿಗ್ರಿ ಇರಬೇಕು, ಹಿಮ್ಮಡಿ ಸೀಟಿಗಿಂತ ಎಷ್ಟು ಕೆಳಗಿರಬೇಕು ಎಂಬುದನ್ನು ತರಬೇತುದಾರರು ಬೆರಳಗಲದ ಲೆಕ್ಕದಲ್ಲಿ ಸರಿಮಾಡುತ್ತಾರೆ. ಚೆನ್ನೈಯಲ್ಲಿ ಈ ವಿದ್ಯೆಗೆ ಒಂದೂವರೆ ಶತಮಾನದ ಇತಿಹಾಸವಿದೆ. ಈಗ ಅಡ್ಯಾರ್ ನದಿಯ ದಂಡೆಯಲ್ಲಿರುವ ಮದ್ರಾಸ್ ಬೋಟ್ ಕ್ಲಬ್ ಹುಟ್ಟಿದ್ದು 1867ರಲ್ಲಿ. ಕೊಲಂಬೊದ ರೋಯಿಂಗ್ ಕ್ಲಬ್ಬಿನೊಂದಿಗೆ ಅದರ ಪೈಪೋಟಿ ಶುರುವಾದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ.

ಅದೇ ಊರಿನಿಂದ ರಜೆಯ ದಿನ ಕಾರಿನ ಡಿಕ್ಕಿಯಲ್ಲಿ ಗಾಳಿ ತುಂಬುವ ದೋಣಿಯನ್ನು ಹಾಕಿಕೊಂಡು ಗಾಳದ ಮೀನುಗಾರಿಕೆಗೆ ಹೊರಡುವವರಿದ್ದಾರೆ. ದಕ್ಷಿಣಕ್ಕೆ ಈಸ್ಟ್ ಕೋಸ್ಟ್ ರಸ್ತೆ ಹಿಡಿದರೆ ಮುಟ್ಟುಕಾಡು, ಕೋವಳಂ ಕಡೆಯ ಹಿನ್ನೀರು. ಉತ್ತರಕ್ಕೆ ಹೋದರೆ ತಮಿಳರು ಪಳವೇರ್ಕಾಡು ಎನ್ನುವ ಪುಲಿಕಾಟ್ ಸರೋವರ. ಇಂಟೆಕ್ಸ್, ಬೆಸ್ಟ್‌ವೇ ಮುಂತಾದ ಕಂಪನಿಗಳ ಸಣ್ಣ ದೋಣಿಗಳನ್ನು ಈಗ ಮೊಬೈಲಿನಲ್ಲೇ ತರಿಸಿಕೊಳ್ಳಬಹುದು. ಪೆಟ್ಟಿಗೆಯೊಳಗೆ ಮಡಚಿಟ್ಟ ಪಿವಿಸಿ ದೋಣಿ, ಜೋಡಿ ಹುಟ್ಟು, ಕೈಪಂಪು, ತೇಪೆಯ ಚೂರು ಇರುತ್ತವೆ. ಕೆಲವುಗಳಲ್ಲಿ ಗಾಳ ನಿಲ್ಲಿಸುವ ಕೊಳವೆಯೂ ಇರುತ್ತದೆ. ಕೂರಲು ಗಾಳಿ ದಿಂಬಿದೆ, ಹುಟ್ಟು ಸಿಕ್ಕಿಸಲು ಕೊಂಡಿಯಿದೆ. ಆದರೆ ಅಗ್ಗದ ಮಾದರಿಗಳಲ್ಲಿ ಕಾಲಿಗೆ ಏನೂ ಇರುವುದಿಲ್ಲ. ಇಂಥ ದೋಣಿಯಲ್ಲಿ ಕೂತವರು ಹತ್ತು ಸಲ ಹುಟ್ಟು ಎಳೆಯುವಷ್ಟರಲ್ಲಿ ದಿಂಬಿನಿಂದ ಜಾರಿ ಮುಂದೆ ಬಂದಿರುತ್ತಾರೆ. ಹಿಂದಕ್ಕೆ ಸರಿದು ಕೂತು ಮತ್ತೆ ಎಳೆದರೆ ಮತ್ತೆ ಜಾರುತ್ತಾರೆ. ಮನೆಗೆ ಮರಳುವಾಗ ತೋಳೂ ಸೊಂಟವೂ ನೋಯುತ್ತಿರುತ್ತವೆ, ತೊಡೆಗೆ ಮಾತ್ರ ದಣಿವೇ ಆಗಿರುವುದಿಲ್ಲ. ಮೈಯಲ್ಲಿ ಅತಿ ಬಲವಾದ ಸ್ನಾಯುಗಳು ಕೆಲಸಕ್ಕೇ ಬಂದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ.

ಬಾವಿಯಿಂದ ತುಂಬಿದ ಕೊಡ ಸೇದುವವರು ಒಂದು ಕಾಲನ್ನು ಕಟ್ಟೆಗೆ ಒತ್ತಿ ನಿಲ್ಲುತ್ತಾರೆ. ಹಗ್ಗ ಎಳೆಯುವುದು ಕೈಯೇ, ಆದರೆ ಆ ಎಳೆತವನ್ನು ಹೊರುವುದು ಕಟ್ಟೆಗೆ ಒತ್ತಿದ ಕಾಲು. ದೋಣಿಯಲ್ಲೂ ಹೀಗೆಯೇ. ಹುಟ್ಟು ಹಾಕುವವರು ದೋಣಿ ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂತಿರುತ್ತಾರೆ. ಹಿಡಿಯನ್ನು ಎದೆಯ ಕಡೆಗೆ ಎಳೆದಾಗ, ನ್ಯೂಟನ್ನನ ಮೂರನೆಯ ನಿಯಮದಂತೆ ಹಿಡಿಯೂ ಅವರನ್ನು ಅಷ್ಟೇ ಬಲದಿಂದ ತನ್ನ ಕಡೆಗೆ, ಅಂದರೆ ದೋಣಿಯ ಹಿಂಭಾಗದ ಕಡೆಗೆ, ಎಳೆಯುತ್ತದೆ. ಎರಡು ಕೈ ಸೇರಿ 20 ಕೆ.ಜಿ. ತೂಕದಷ್ಟು ಬಲದಿಂದ ಎಳೆದರೆ ಆ 20 ಕೆ.ಜಿ.ಯನ್ನು ಯಾವುದಾದರೂ ತಡೆಯಲೇಬೇಕು. ಕಾಲಿಗೆ ಆಸರೆಯಿದ್ದರೆ ಪಾದ ತಡೆಯುತ್ತದೆ. ಇಲ್ಲದಿದ್ದರೆ ಒದ್ದೆ ಪಿವಿಸಿಯ ಮೇಲೆ ಒದ್ದೆ ಬಟ್ಟೆಯ ಘರ್ಷಣೆಯೊಂದೇ ತಡೆಯಬೇಕು, ಅದು ಬಹಳ ಹೊತ್ತು ತಾಳುವುದಿಲ್ಲ. ಹಾಗಾಗಿ ಜಾರದಷ್ಟೇ ಬಲ ಹಾಕುವುದನ್ನು ಮೈ ತಾನಾಗಿ ಕಲಿತುಬಿಡುತ್ತದೆ. ‘ಗಾಳಿ ದೋಣಿ ನಿಧಾನ’ ಎಂಬ ದೂರಿನಲ್ಲಿ ದೋಣಿಯ ಪಾಲಿನಷ್ಟೇ ಈ ಅಂಜಿಕೆಯ ಪಾಲೂ ಇದೆ.

ಕಾಲಿನ ಪಾಲು ಎಷ್ಟು? ಜಾರುವ ಸೀಟಿನ ರೇಸ್ ದೋಣಿಗಳಲ್ಲಿ ಅಳೆದು ನೋಡಿದವರ ಪ್ರಕಾರ ಶಕ್ತಿಯ ಸುಮಾರು ಅರ್ಧ ಕಾಲಿನಿಂದ, ಹೆಚ್ಚೂಕಡಿಮೆ ಮೂರನೇ ಒಂದು ಭಾಗ ಬೆನ್ನಿನಿಂದ, ಉಳಿದ ಸ್ವಲ್ಪ ತೋಳಿನಿಂದ ಬರುತ್ತದೆ. ಪ್ಯಾರಾ ರೋಯಿಂಗ್‌ನ ಫಲಿತಾಂಶಗಳು ಇದನ್ನು ಇನ್ನೂ ಸ್ಪಷ್ಟವಾಗಿ ತೋರಿಸುತ್ತವೆ. ತೋಳು ಮತ್ತು ಭುಜ ಮಾತ್ರ ಬಳಸಬಲ್ಲವರ ಪಿಆರ್1 ವರ್ಗದಲ್ಲಿ ಎದೆಯನ್ನೇ ಸೀಟಿನ ಬೆನ್ನಿಗೆ ಪಟ್ಟಿಯಿಂದ ಬಿಗಿದಿರುತ್ತಾರೆ. ಅದರಲ್ಲಿ ವಿಶ್ವದ ಅತಿ ಶ್ರೇಷ್ಠ ಪುರುಷರು 2000 ಮೀಟರ್ ಮುಗಿಸಲು ಒಂಬತ್ತು ನಿಮಿಷದ ಆಸುಪಾಸು ಬೇಕು. ಕಾಲು, ಬೆನ್ನು, ತೋಳು ಮೂರನ್ನೂ ಬಳಸುವ, ಒಬ್ಬರೇ ಓಡಿಸುವ ಸಾಮಾನ್ಯ ಸಿಂಗಲ್ ಸ್ಕಲ್‌ ದೋಣಿಯಲ್ಲಿ ಅದೇ ದೂರಕ್ಕೆ ಏಳು ನಿಮಿಷವೂ ಬೇಡ. ಪಿಆರ್1 ದೋಣಿಗಳು ಅಗಲವಾಗಿ, ಭಾರವಾಗಿ ಇರುತ್ತವೆ ಎಂಬುದನ್ನು ಒಪ್ಪಿಕೊಂಡರೂ ಇದು ಸಣ್ಣ ಅಂತರವಲ್ಲ. ಒಂದು ಕಾಲಿನ ಭಾಗವನ್ನು ಕಳೆದುಕೊಂಡ ನಮ್ಮ ನಾರಾಯಣ ಕೊಂಗನಪಲ್ಲೆ ಮತ್ತು ಅನಿತಾ 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದ್ದು ಪಿಆರ್3ರಲ್ಲಿ, ಅಂದರೆ ಕಾಲಿನ ಬಲವನ್ನೂ ಬಳಸಬಲ್ಲವರ ವರ್ಗದಲ್ಲಿ. ಅಂಥ ಸ್ಪರ್ಧಿಗೆ ಪಾದದ ಹಲಗೆಯನ್ನು ಸ್ವಂತ ಮೈಗೆ ತಕ್ಕಂತೆ ಹೊಂದಿಸಿಕೊಳ್ಳುವುದು ಎಷ್ಟು ಮುಖ್ಯ ಎಂದು ಬಿಡಿಸಿ ಹೇಳಬೇಕಿಲ್ಲ.

ಗಾಳಿ ದೋಣಿಯಲ್ಲಿ ಸೀಟು ಜಾರುವುದಿಲ್ಲ. ಆದ್ದರಿಂದ ರೇಸ್ ದೋಣಿಯ ಹಾಗೆ ಕಾಲನ್ನು ಮಡಚಿ ಚಾಚಿ ಅರ್ಧ ಶಕ್ತಿಯನ್ನು ಪಡೆಯುತ್ತೇವೆಂದು ಯಾರೂ ತಿಳಿಯಬಾರದು. ಇಲ್ಲಿ ಕಾಲಿನ ಕೆಲಸ ಕಂಬದಂತೆ ಗಟ್ಟಿಯಾಗಿ ನಿಲ್ಲುವುದು. ಕಾಲು ನಿಂತರೆ ಬೆನ್ನು ಧೈರ್ಯವಾಗಿ ಹಿಂದಕ್ಕೆ ವಾಲಬಲ್ಲದು, ಮುಖ್ಯ ಎಳೆತ ತೋಳಿನಿಂದ ಬೆನ್ನಿಗೆ ವರ್ಗವಾಗುತ್ತದೆ. ಅಷ್ಟಾದರೂ ದೊಡ್ಡ ಲಾಭವೇ.

ಹುಟ್ಟು ಹಾಕುವವರ ಚರಿತ್ರೆಯಲ್ಲಿ ಕಾಲಿನ ಈ ಪ್ರಶ್ನೆ ಬಹಳ ಹಳೆಯದು. ಗ್ರೀಕ್ ಇತಿಹಾಸಕಾರ ಥುಸಿಡೈಡಿಸ್ ಒಂದು ಕಡೆ, ನಾವಿಕರು ತಮ್ಮ ತಮ್ಮ ಹುಟ್ಟು, ಹುಟ್ಟಿನ ಕುಣಿಕೆ, ಕೂರುವ ಮೆತ್ತೆ ಹೊತ್ತು ಭೂಮಾರ್ಗವಾಗಿ ನಡೆದುಹೋದ ಪ್ರಸಂಗವನ್ನು ಬರೆದಿದ್ದಾನೆ. ಆ ಮೆತ್ತೆ ಕಾಲು ಒತ್ತಿದಾಗ ಸ್ವಲ್ಪ ಜಾರಲು ಅನುಕೂಲವಾಗಿದ್ದಿರಬೇಕು ಎಂದು ವಾದಿಸುವ ವಿದ್ವಾಂಸರಿದ್ದಾರೆ. ನಿಂತು ಹುಟ್ಟು ಹಾಕುವ ವೆನಿಸ್ಸಿನ ಗೊಂಡೊಲಾದಲ್ಲಿ ಕೂಡ ಅಂಬಿಗನ ಹಿಂಗಾಲಿಗೆ ಒತ್ತಿ ನಿಲ್ಲಲು ಓರೆಯಾದ ಮರದ ತುಂಡೊಂದಿದೆ. ಜಾರುವ ಸೀಟು ಬಳಕೆಗೆ ಬಂದದ್ದು 1870ರ ದಶಕದಲ್ಲಿ. ಅದಾಗಿ ನೂರು ವರ್ಷದ ಮೇಲೆ ಜರ್ಮನಿಯಲ್ಲಿ ಲೆಕ್ಕವನ್ನೇ ತಿರುಗಿಸಿ ಹಾಕಿದರು: ಸೀಟು ಸ್ಥಿರ, ಪಾದದ ಹಲಗೆ ಮತ್ತು ಹುಟ್ಟಿನ ಕೊಂಡಿಗಳು ಜಾರುವವು. ತೊಂಬತ್ತು ಕೆ.ಜಿ. ತೂಗುವ ಆಳು ಹಿಂದೆ ಮುಂದೆ ಜಾರುವ ಬದಲು ಕೆಲವೇ ಕೆ.ಜಿ.ಯ ಚೌಕಟ್ಟು ಜಾರಿದರೆ, ಬರೀ 14 ಕೆ.ಜಿ.ಯ ದೋಣಿ ತೊನೆದಾಡದೆ ಸಮನಾಗಿ ಓಡುತ್ತದೆ. ಪೀಟರ್ ಮಿಖಾಯೆಲ್ ಕೋಲ್ಬೆ 1981ರಲ್ಲಿ ಇಂಥ ದೋಣಿಯಲ್ಲೇ ವಿಶ್ವ ಚಾಂಪಿಯನ್ ಆದರು. ಎರಡೇ ವರ್ಷದಲ್ಲಿ ಮುಂಚೂಣಿಯ ಸ್ಪರ್ಧಿಗಳೆಲ್ಲ ಅದರ ಹಿಂದೆ ಬಿದ್ದಾಗ ಅಂತಾರಾಷ್ಟ್ರೀಯ ಒಕ್ಕೂಟ ಅದನ್ನು ನಿಷೇಧಿಸಿತು. ಪಾದದ ಹಲಗೆ ಜಾಗ ಬದಲಿಸಿದ್ದಕ್ಕೆ ಒಂದು ಕ್ರೀಡೆಯ ನಿಯಮವೇ ಬದಲಾಯಿತು.

ಇನ್ನು ಚೆನ್ನೈನ ಮರಳಿಗೆ ಬರೋಣ. ಈ ಕರಾವಳಿಯ ಮೀನುಗಾರರು ರೋಯಿಂಗ್ ಕ್ಲಬ್ಬುಗಳಿಗಿಂತ ಶತಮಾನಗಳ ಮೊದಲೇ ಮೈಬಲವನ್ನು ನೀರಿಗೆ ದಾಟಿಸುವ ಬೇರೊಂದು ದಾರಿ ಕಂಡುಕೊಂಡಿದ್ದರು. ಕಟ್ಟುಮರ ಎಂದರೆ ಹಗುರವಾದ ದಿಮ್ಮಿಗಳನ್ನು ತೆಂಗಿನ ನಾರಿನ ಹಗ್ಗದಿಂದ ಬಿಗಿದ ತೆಪ್ಪ. ದಡಕ್ಕೆ ಬಂದ ಮೇಲೆ ಹಗ್ಗ ಬಿಚ್ಚಿ ದಿಮ್ಮಿಗಳನ್ನು ಒಣಗಲು ಹಾಕಬಹುದು. ಅದರಲ್ಲಿ ಸೀಟೂ ಇಲ್ಲ, ಅಂಚೂ ಇಲ್ಲ. ನಡೆಸುವವರು ದಿಮ್ಮಿಯ ಮೇಲೆ ಮಂಡಿಯೂರಿ, ಹೋಗುವ ದಿಕ್ಕಿಗೇ ಮುಖ ಮಾಡಿ, ಎರಡು ಕೈಯಲ್ಲಿ ಹಿಡಿದ ಹುಟ್ಟಿನಿಂದ ನೀರು ತಳ್ಳುತ್ತಾರೆ. ಎಳೆತವನ್ನು ಹೊರುವುದು ಮಂಡಿ, ಮೀನಗಂಡ, ಕಾಲ್ಬೆರಳು. ಮೈಯ ಕೆಳಭಾಗವೆಲ್ಲ ಮರಕ್ಕೆ ಅಂಟಿಕೊಂಡಿರುವುದರಿಂದ ಬಲ ಎಲ್ಲೂ ಸೋರುವುದಿಲ್ಲ. ಮದ್ರಾಸ್ ಪ್ರಾಂತ್ಯದ ಮೀನುಗಾರಿಕೆ ಇಲಾಖೆಯ ಮುಖ್ಯಸ್ಥರಾಗಿದ್ದ ಜೇಮ್ಸ್ ಹಾರ್ನೆಲ್ ಈ ತೆಪ್ಪಗಳ ಬಗೆಗಳನ್ನು ವಿವರವಾಗಿ ದಾಖಲಿಸಿದರು. ಭಾರತದ ದೋಣಿಗಳ ರಚನೆಯನ್ನು ಕುರಿತ ಅವರ ಬರಹ 1920ರಲ್ಲಿ ಬಂತು, ‘ವಾಟರ್ ಟ್ರಾನ್ಸ್‌ಪೋರ್ಟ್’ ಪುಸ್ತಕ 1946ರಲ್ಲಿ.

ಬಂದರು ಇಲ್ಲದ ಕಾಲದಲ್ಲಿ ಹಡಗಿನಿಂದ ಜನರನ್ನೂ ಸರಕನ್ನೂ ಅಲೆ ದಾಟಿಸಿ ಮದ್ರಾಸಿನ ದಡಕ್ಕೆ ತರುತ್ತಿದ್ದ ಮಸೂಲಾ ದೋಣಿಯನ್ನೂ ಇಲ್ಲಿ ನೆನೆಯಬೇಕು. ಅದರ ಹಲಗೆಗಳಿಗೆ ಮೊಳೆ ಹೊಡೆಯುತ್ತಿರಲಿಲ್ಲ, ನಾರಿನ ಹುರಿಯಿಂದ ಹೊಲಿಯುತ್ತಿದ್ದರು. ಒಳಗೆ ಪಕ್ಕೆಲುಬಿನಂಥ ಚೌಕಟ್ಟೂ ಇರಲಿಲ್ಲ. ಮುರಿಯುವ ಅಲೆ ಹೊಡೆದಾಗ ದೋಣಿಯೇ ಬಾಗಿ ಪೆಟ್ಟನ್ನು ನುಂಗಿಕೊಳ್ಳುತ್ತಿತ್ತು. ಮೆತ್ತಗಿರುವ ದೋಣಿ ಕೀಳು, ಗಡುಸಾದ ದೋಣಿ ಮೇಲು ಎಂಬ ಎಣಿಕೆ ಹಾಗಾದರೆ ಸರಿಯಲ್ಲ. ಅಲೆಗೆ ಮೆತ್ತನೆಯ ಮೈ ಒಳ್ಳೆಯದು. ಹುಟ್ಟು ಹಾಕುವವರು ಕೂರುವ ಜಾಗ, ಕಾಲೂರುವ ಜಾಗ, ಹುಟ್ಟು ಆನುವ ಜಾಗ ಈ ಮೂರು ಮಾತ್ರ ಗಟ್ಟಿಯಾಗಿರಬೇಕು. ಗಾಳಿ ದೋಣಿಗೆ ಏನಾದರೂ ಸೇರಿಸಿಕೊಳ್ಳುವವರು ಮೊದಲು ತಿಳಿಯಬೇಕಾದದ್ದು ಇದನ್ನೇ.

ಮಂಡಿಯೂರುವುದು ಎಲ್ಲರಿಗೂ ಆಗುವ ಮಾತಲ್ಲ. ಕಟ್ಟುಮರದವರಿಗೆ ಚಿಕ್ಕಂದಿನಿಂದ ಒಗ್ಗಿದ ಭಂಗಿ ಅದು. ಆಫೀಸಿನ ಕುರ್ಚಿಗೆ ಒಗ್ಗಿದ ಮಂಡಿ ಅರ್ಧ ಗಂಟೆಯೂ ತಾಳುವುದಿಲ್ಲ. ನಮ್ಮ ಕಾಳಿ ನದಿಯಲ್ಲಿ, ದಾಂಡೇಲಿ ಕಡೆ ರ‍್ಯಾಫ್ಟಿಂಗ್ ಮಾಡಿದವರಿಗೆ ಇನ್ನೊಂದು ಉಪಾಯ ನೆನಪಿರಬಹುದು. ಹೊರಗಿನ ಟ್ಯೂಬಿನ ಮೇಲೆ ಕೂತವರಿಗೆ ಗೈಡ್ ಮೊದಲು ಹೇಳಿಕೊಡುವುದು ಪಾದವನ್ನು ಅಡ್ಡ ಟ್ಯೂಬಿನ ಅಡಿಗೆ ತೂರಿಸಿ ಒತ್ತಿ ಹಿಡಿಯುವುದನ್ನು. ನೀರಿಗೆ ಬೀಳದಂತೆ ಉಳಿಸುವುದೂ ಅದೇ, ಹುಟ್ಟಿಗೆ ಬಲ ಕೊಡುವುದೂ ಅದೇ. ಆದರೆ ರ‍್ಯಾಫ್ಟ್‌ನ ಟ್ಯೂಬು ದಪ್ಪ, ಅದರ ಗಾಳಿಯೂ ಬಿಗಿ. ಮೀನು ಹಿಡಿಯುವ ಪುಟ್ಟ ದೋಣಿಯಲ್ಲಿ ಅದೇ ಉಪಾಯ ಸೋಲುತ್ತದೆ.

ಸೋಲುವುದು ಏಕೆಂದು ತಿಳಿಯಲು ಒಂದು ಸಣ್ಣ ಲೆಕ್ಕ ಸಾಕು. ಅಗ್ಗದ ದೋಣಿಗಳ ಟ್ಯೂಬಿನಲ್ಲಿ ಗಾಳಿಯ ಒತ್ತಡ ಸುಮಾರು 1 ಪಿಎಸ್‌ಐ, ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ 0.07 ಕೆ.ಜಿ. ಎರಡು ಹಿಮ್ಮಡಿಗಳು ಸೇರಿ 50 ಚದರ ಸೆಂ.ಮೀ. ಜಾಗದಲ್ಲಿ 30 ಕೆ.ಜಿ.ಯಷ್ಟು ಒತ್ತಿದರೆ ಪ್ರತಿ ಚದರ ಸೆಂಟಿಮೀಟರಿಗೆ 0.6 ಕೆ.ಜಿ. ಆಯಿತು. ಟ್ಯೂಬಿನ ಒತ್ತಡದ ಎಂಟು ಪಟ್ಟಿಗೂ ಹೆಚ್ಚು. ಹಿಮ್ಮಡಿ ಹೂತುಹೋಗದೆ ಇನ್ನೇನಾದೀತು? ಅಷ್ಟೇ ಬಲವನ್ನು 30 ಸೆಂ.ಮೀ. ಅಗಲ, 20 ಸೆಂ.ಮೀ. ಎತ್ತರದ ಹಲಗೆಯ ಮೂಲಕ ಒತ್ತಿದರೆ ಅದು 600 ಚದರ ಸೆಂಟಿಮೀಟರಿಗೆ ಹರಡಿ 0.05 ಕೆ.ಜಿ.ಗೆ ಇಳಿಯುತ್ತದೆ. ಈಗ ಟ್ಯೂಬು ತಡೆಯುತ್ತದೆ. ದೋಣಿಯ ಹಿಂಬದಿಯ ಟ್ಯೂಬಿಗೆ ಒಂದು ತುಂಡು ಹಲಗೆ ಆನಿಸಿ ಕಾಲು ಒತ್ತಿದರೆ ಎಷ್ಟೋ ವಾಸಿ ಎನ್ನಿಸುವುದು ಈ ಭಾಗಾಕಾರದಿಂದ. ಮೀನು ಹಾಕುವ ಐಸ್ ಪೆಟ್ಟಿಗೆಯನ್ನು ಹಿಂಬದಿಗೆ ತಳ್ಳಿ ಅದಕ್ಕೇ ಕಾಲು ಕೊಡುವವರೂ ತಿಳಿದೋ ತಿಳಿಯದೆಯೋ ಇದನ್ನೇ ಮಾಡುತ್ತಿರುತ್ತಾರೆ. ಪೆಟ್ಟಿಗೆ ಗಡುಸಾದ ಪ್ಲಾಸ್ಟಿಕ್‌ನದಾಗಿದ್ದರೆ ಆದೀತು, ಥರ್ಮೋಕೋಲಿನದಾದರೆ ಕಾಲಿನ ಒತ್ತಿಗೆ ಮುರಿಯುತ್ತದೆ.

ಹಲಗೆಯಿಂದ ಪೂರ್ತಿ ಪರಿಹಾರ ಸಿಗುವುದಿಲ್ಲ. ಇಲ್ಲಿ ಇನ್ನೊಂದು ಲೆಕ್ಕವಿದೆ, ಇಡೀ ವಿಷಯದ ತಿರುಳು ಅದರಲ್ಲಿದೆ. ಹುಟ್ಟಿನ ಹಿಡಿಯಿಂದ ಕೊಂಡಿಯವರೆಗಿನ ಉದ್ದಕ್ಕಿಂತ ಕೊಂಡಿಯಿಂದ ನೀರಿನಲ್ಲಿ ಅದ್ದುವ ಅಗಲ ತುದಿಯ, ಅಂದರೆ ಎಲೆಯ, ವರೆಗಿನ ಉದ್ದ ಎರಡೂವರೆ ಪಟ್ಟು ಎಂದುಕೊಳ್ಳೋಣ. ಹಿಡಿಗೆ 20 ಕೆ.ಜಿ. ಬಲ ಹಾಕಿದರೆ ನೀರಿನಲ್ಲಿ ಎಲೆಗೆ ದಕ್ಕುವುದು 8 ಕೆ.ಜಿ. ಆಗ ಕೊಂಡಿಯು ದೋಣಿಯನ್ನು 28 ಕೆ.ಜಿ. ಬಲದಿಂದ ಮುಂದಕ್ಕೆ ತಳ್ಳುತ್ತದೆ, ಪಾದಗಳು ಅದೇ ದೋಣಿಯನ್ನು 20 ಕೆ.ಜಿ. ಬಲದಿಂದ ಹಿಂದಕ್ಕೆ ಒತ್ತುತ್ತವೆ. ಕಳೆದು ಉಳಿಯುವ ಲಾಭ ಆ 8 ಕೆ.ಜಿ. ಮಾತ್ರ. ಮರದ ದೋಣಿಯಲ್ಲಿ ಈ ಎಳೆದಾಟವನ್ನು ಮರವೇ ಸದ್ದಿಲ್ಲದೆ ಹೊರುತ್ತದೆ. ಗಾಳಿ ದೋಣಿಯಲ್ಲಿ 28 ಒಂದು ಕಡೆ, 20 ಇನ್ನೊಂದು ಕಡೆ ಎಳೆದು ಟ್ಯೂಬನ್ನು ಹಿಗ್ಗಿಸುತ್ತವೆ. ಪ್ರತಿ ಎಳೆತದಲ್ಲೂ ದೋಣಿ ಉದ್ದವಾಗಿ ಗಿಡ್ಡವಾಗುತ್ತ ಶ್ರಮದ ಒಂದು ಪಾಲನ್ನು ತಿಂದುಹಾಕುತ್ತದೆ.

ಆದ್ದರಿಂದ ಒಳ್ಳೆಯ ಫುಟ್‌ರೆಸ್ಟ್ ಎಂದರೆ ಪಾದಕ್ಕೂ ಹುಟ್ಟಿನ ಕೊಂಡಿಗೂ ನಡುವೆ ಹಿಗ್ಗದ ಒಂದು ನಂಟು. ಅಮೆರಿಕದ ನದಿಗಳಲ್ಲಿ ಮೀನು ಹಿಡಿಯಲು ಬಳಸುವ ದೊಡ್ಡ ರ‍್ಯಾಫ್ಟ್‌ಗಳ ಮೇಲೆ ಅಲ್ಯೂಮಿನಿಯಂ ಚೌಕಟ್ಟನ್ನು ಕೂರಿಸುತ್ತಾರೆ. ಸೀಟು, ಹುಟ್ಟಿನ ಕೊಂಡಿ, ಕಾಲು ಒತ್ತುವ ಅಡ್ಡಪಟ್ಟಿ ಮೂರೂ ಅದೇ ಚೌಕಟ್ಟಿನಲ್ಲಿರುತ್ತವೆ. ಎಳೆದಾಟ ಚೌಕಟ್ಟಿನೊಳಗೇ ಮುಗಿದು ಟ್ಯೂಬಿಗೆ ತಲುಪುವುದು ಉಳಿದ ನಿವ್ವಳ ಬಲ ಮಾತ್ರ. ಡಿಕ್ಕಿಯಲ್ಲಿ ಮಡಚಿ ಒಯ್ಯುವ ಪುಟ್ಟ ದೋಣಿಗೆ ಅಷ್ಟೆಲ್ಲ ಹೊರಲಾಗದು. ಆದರೆ ಅದರ ಸಾರವನ್ನು ಒಂದು ಪೈಪು, ಎರಡು ಪಟ್ಟಿಗಳಲ್ಲಿ ಪಡೆಯಬಹುದು.

ದೋಣಿಯೊಳಗಿನ ಅಗಲಕ್ಕೆ ಸ್ವಲ್ಪ ಕಡಿಮೆಯಾಗುವಂತೆ ದಪ್ಪ ಗೋಡೆಯ ಯುಪಿವಿಸಿ ಪೈಪನ್ನೋ ಅಲ್ಯೂಮಿನಿಯಂ ಕೊಳವೆಯನ್ನೋ ಕತ್ತರಿಸಿಕೊಳ್ಳಬೇಕು. ಎರಡೂ ತುದಿಗೆ ಎಂಡ್ ಕ್ಯಾಪ್ ಹಾಕಬೇಕು, ಇಲ್ಲವಾದರೆ ಕತ್ತರಿಸಿದ ಅಂಚು ಟ್ಯೂಬನ್ನು ಗೀರುತ್ತದೆ. ಪೈಪಿನ ಎರಡು ತುದಿಯಿಂದ ಎರಡು ನೈಲಾನ್ ಪಟ್ಟಿಗಳನ್ನು ತಂದು ಹುಟ್ಟಿನ ಕೊಂಡಿಯ ಬುಡಕ್ಕೆ ಬಿಗಿಯಬೇಕು. ಬೈಕಿಗೆ ಸಾಮಾನು ಕಟ್ಟುವ, ಬಕಲ್ ಇರುವ ಪಟ್ಟಿ ಸಾಕು. ಕಾಲು ಪೈಪನ್ನು ಒತ್ತಿದಾಗ ಪಟ್ಟಿಗಳು ಬಿಗಿಯಾಗುತ್ತವೆ, ಆ ಸೆಳೆತ ನೇರವಾಗಿ ಕೊಂಡಿಗೆ ತಲುಪುತ್ತದೆ. ಟ್ಯೂಬು ಹಿಗ್ಗುವ ಪ್ರಶ್ನೆ ಬಹುಪಾಲು ಅಲ್ಲೇ ಮುಗಿಯಿತು. ನೈಲಾನ್ ಒದ್ದೆಯಾದರೆ ಸ್ವಲ್ಪ ಸಡಿಲವಾಗುತ್ತದೆ, ಪಾಲಿಯೆಸ್ಟರ್ ಪಟ್ಟಿ ಸಿಕ್ಕರೆ ಇನ್ನೂ ಒಳ್ಳೆಯದು. ಒದ್ದೆ ಪೈಪಿನ ಮೇಲೆ ಪಾದ ಜಾರದಂತೆ ಹಳೆಯ ಸೈಕಲ್ ಟ್ಯೂಬನ್ನು ಸೀಳಿ ಸುತ್ತಿಬಿಟ್ಟರೆ ಹಿಡಿತ ಬರುತ್ತದೆ. ಚೆನ್ನೈಯಲ್ಲಿ ಇದಕ್ಕೆಲ್ಲ ಅಲೆಯಬೇಕಿಲ್ಲ. ಪ್ಯಾರೀಸ್ ಕಾರ್ನರ್ ಹಿಂದಿನ ಸೆಂಬುದಾಸ್ ಬೀದಿ, ಲಿಂಗಿ ಚೆಟ್ಟಿ ಬೀದಿಗಳಲ್ಲಿ ಪೈಪು, ಬೋಲ್ಟು, ಹಾರ್ಡ್‌ವೇರ್ ಅಂಗಡಿಗಳ ಸಾಲೇ ಇದೆ. ಹಳೆಯ ವಾಹನಗಳ ಬಿಡಿಭಾಗಕ್ಕೆ ಪುದುಪೇಟೆಯಿದೆ.

ಮೆತ್ತನೆಯ ನೆಲದ ದೋಣಿಯಲ್ಲಿ ಹಿಮ್ಮಡಿ ಕೆಳಗೂ ಹೂಳುತ್ತದೆ. ಇದಕ್ಕೆ ನೆಲಕ್ಕೊಂದು ಹಲಗೆ ಬೇಕು: ಐಎಸ್ 710 ಗುರುತಿನ ಮರೈನ್ ಪ್ಲೈವುಡ್, ಮೂಲೆಗಳನ್ನು ದುಂಡಗೆ ಉಜ್ಜಿ, ಅಂಚಿಗೆ ಉದ್ದಕ್ಕೆ ಸೀಳಿದ ನೀರಿನ ಪೈಪ್ ತೊಡಿಸಿದ್ದು. ಹಲಗೆಯ ಒಂದು ತುದಿ ಕೂತವರ ಅಡಿಗೆ ಬರುವಷ್ಟು ಉದ್ದವಿದ್ದರೆ ಅವರ ತೂಕವೇ ಅದನ್ನು ಒತ್ತಿ ಹಿಡಿಯುತ್ತದೆ. ಪಾದದ ಕಡೆಯ ತುದಿಗೆ ಓರೆಯಾದ ಮರದ ಪಟ್ಟಿ ಹೊಡೆದರೆ ಅದೇ ಫುಟ್‌ರೆಸ್ಟ್ ಆಗುತ್ತದೆ. ಹಲಗೆಯ ಕೆಳಗೆ ಸಿಕ್ಕಿಕೊಂಡ ಒಂದೇ ಒಂದು ಮರಳಿನ ಹರಳು ದೋಣಿಯ ತಳವನ್ನು ಸವೆಸಿ ತೂತು ಮಾಡಬಲ್ಲದು, ಆದ್ದರಿಂದ ನಡುವೆ ಯೋಗದ ಮ್ಯಾಟಿನ ತುಂಡನ್ನು ಹಾಸುವುದು ಕ್ಷೇಮ. ಬೆಲೆ ಜಾಸ್ತಿಯಿರುವ ದೋಣಿಗಳಲ್ಲಿ ಮೇಲಿನ ಪದರಕ್ಕೂ ಕೆಳಗಿನ ಪದರಕ್ಕೂ ಸಾವಿರಾರು ನೂಲುಗಳನ್ನು ಹೆಣೆದ ‘ಡ್ರಾಪ್ ಸ್ಟಿಚ್’ ನೆಲ ಇರುತ್ತದೆ. ಅದು ಹತ್ತು ಪಿಎಸ್‌ಐ ಆಸುಪಾಸಿನ ಒತ್ತಡ ತಾಳಿ ಹಲಗೆಯಂತೆಯೇ ಗಟ್ಟಿಯಾಗುತ್ತದೆ. ಅಂಥದ್ದಿದ್ದರೆ ಪ್ಲೈವುಡ್ ಬೇಡ, ಪೈಪು ಮತ್ತು ಪಟ್ಟಿ ಸಾಕು.

ಫುಟ್‌ರೆಸ್ಟ್ ಎಲ್ಲಿರಬೇಕು ಎಂಬುದನ್ನು ಯಾವ ಕಂಪನಿಯೂ ಹೇಳಲಾರದು, ಅದು ಕೂರುವವರ ತೊಡೆ ಮತ್ತು ಮೀನಗಂಡದ ಉದ್ದಕ್ಕೆ ಬಿಟ್ಟದ್ದು. ಮನೆಯ ಹಜಾರದಲ್ಲೇ ಗಾಳಿ ತುಂಬಿ, ಸೀಟಿನಲ್ಲಿ ಕೂತು, ಬೆನ್ನನ್ನು ಹುಟ್ಟಿನ ಎಳೆತ ಮುಗಿಯುವ ಭಂಗಿಗೆ ತಂದುಕೊಳ್ಳಬೇಕು. ಆಗ ಮೊಣಕಾಲು ಪೂರ್ತಿ ಚಾಚಿರಬಾರದು, ಸ್ವಲ್ಪ ಮಡಚಿಯೇ ಇರಬೇಕು. ಪಾದದ ಉಬ್ಬು ಪೈಪಿನ ಮೇಲೆ, ಹಿಮ್ಮಡಿ ನೆಲದ ಮೇಲೆ. ತೀರ ಹತ್ತಿರವಿದ್ದರೆ ಮೇಲೆದ್ದ ಮೊಣಕಾಲಿಗೆ ಹುಟ್ಟಿನ ಹಿಡಿ ಬಡಿಯುತ್ತದೆ. ದೂರವಾದರೆ ಮುಂದಕ್ಕೆ ಬಾಗಿದಾಗ ತೊಡೆಯ ಹಿಂಭಾಗ ಸೆಳೆದು ಸೊಂಟ ಗೂನಾಗುತ್ತದೆ, ಬೆನ್ನುನೋವು ಶುರುವಾಗುವುದೇ ಅಲ್ಲಿ. ರೇಸ್ ದೋಣಿಗಳಲ್ಲಿ ಹಲಗೆಯ ಓರೆ ಸಾಮಾನ್ಯವಾಗಿ 40 ಡಿಗ್ರಿಯ ಆಸುಪಾಸು, ಹಿಮ್ಮಡಿ ಸೀಟಿಗಿಂತ 15ರಿಂದ 20 ಸೆಂ.ಮೀ. ಕೆಳಗೆ. ಗಾಳಿ ದೋಣಿಯ ಸೀಟು ನೆಲದಿಂದ ಗೇಣುದ್ದವಷ್ಟೇ ಇರುವುದರಿಂದ ಈ ಅಳತೆಗೆ ಹತ್ತಿರ ಬರುವುದು ಕಷ್ಟವಲ್ಲ. ಮೊಣಕಾಲು ಅಡ್ಡ ಬಂತೆಂದು ಸೀಟನ್ನು ತುಂಬ ಎತ್ತರಿಸುವವರಿದ್ದಾರೆ. ಅದರಿಂದ ದೋಣಿ ಮಗುಚುವ ಅಪಾಯ ಹೆಚ್ಚುತ್ತದೆ. ಒಂದೆರಡು ಇಂಚು ಸಾಕು.

ಟ್ಯೂಬಿಗೆ ಪಟ್ಟಿ ಕಟ್ಟುವ ಹೊಸ ಬಳೆಯನ್ನು (ಡಿ-ರಿಂಗ್) ಅಂಟಿಸಬೇಕಾಗಿ ಬಂದರೆ ಅಂಟಿನಲ್ಲಿ ರಾಜಿ ಬೇಡ. ಪಿವಿಸಿಗೆ ಎರಡು ಭಾಗಗಳನ್ನು ಬೆರೆಸಿ ಹಚ್ಚುವ ಪಾಲಿಯುರೆಥೇನ್ ಅಂಟು, ಹೈಪಲಾನ್ ಬಟ್ಟೆಗೆ ನಿಯೋಪ್ರೀನ್ ಅಂಟು. ಒಂದರದ್ದು ಇನ್ನೊಂದಕ್ಕೆ ಹಿಡಿಯುವುದಿಲ್ಲ. ಮನೆಯಲ್ಲಿ ಮುರಿದ ಆಟಿಕೆಗೆ ಬಳಸುವ ದಿಢೀರ್ ಅಂಟು ಒಣಗಿದ ಮೇಲೆ ಗಾಜಿನಂತೆ ಗಡುಸಾಗುತ್ತದೆ, ಬಾಗುವ ಟ್ಯೂಬಿನ ಮೇಲೆ ಬಿರುಕು ಬಿಟ್ಟು ಉದುರುತ್ತದೆ. ಚೆನ್ನೈನ ಬಿಸಿಲನ್ನೂ ಮರೆಯುವಂತಿಲ್ಲ. ಬೆಳಗಿನ 28 ಡಿಗ್ರಿಯಲ್ಲಿ 1 ಪಿಎಸ್‌ಐಗೆ ತುಂಬಿದ ಗಾಳಿ ಬಿಸಿಲಿಗೆ 50 ಡಿಗ್ರಿಗೆ ಏರಿದರೆ, ಟ್ಯೂಬು ಹಿಗ್ಗದಿದ್ದ ಪಕ್ಷದಲ್ಲಿ, ಒತ್ತಡ ಎರಡು ಪಿಎಸ್‌ಐ ದಾಟುತ್ತದೆ. ದಡದಲ್ಲಿ ಬಿಟ್ಟ ದೋಣಿ ಬೆಸುಗೆ ಬಿಡುವುದು ಹೀಗೆ. ಬಿಗಿಯಾಗಿ ಕಟ್ಟಿದ ಪೈಪು, ಪಟ್ಟಿ ಇದ್ದರೆ ಟ್ಯೂಬು ಉಬ್ಬಿದಾಗ ಅಲ್ಲೇ ಕೊರೆಯುತ್ತದೆ. ನೀರಿನಿಂದ ಮೇಲೆ ಎಳೆದ ಕೂಡಲೆ ಪಟ್ಟಿ ಸಡಿಲಿಸಿ ಒಂದಿಷ್ಟು ಗಾಳಿ ಬಿಡುವುದು ರೂಢಿಯಾಗಬೇಕು.

ಇಷ್ಟೆಲ್ಲ ತಾಪತ್ರಯ ಯಾಕೆ, ಹಿನ್ನೀರಿನಲ್ಲಿ ಆರಾಮವಾಗಿ ತೇಲಿದರೆ ಸಾಲದೇ ಎಂದು ಕೇಳುವವರಿಗೆ ಉತ್ತರ ಗಾಳಿಯಲ್ಲಿದೆ. ಚೆನ್ನೈ ಕರಾವಳಿಯಲ್ಲಿ ಬೆಳಗಿನ ಗಾಳಿ ನೆಲದಿಂದ ಸಮುದ್ರದ ಕಡೆಗೆ ಬೀಸುವುದು ಸಾಮಾನ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಡುವಣ ಗಾಳಿ ಇನ್ನಷ್ಟು ಜೋರು, ಸಮುದ್ರದ ಗಾಳಿ ಒಳಕ್ಕೆ ತಿರುಗಲು ಮಧ್ಯಾಹ್ನವೇ ಆಗಬಹುದು. ಗಾಳಿ ದೋಣಿಗೆ ನೀರಿನೊಳಗೆ ಹಿಡಿತ ಕಡಿಮೆ, ನೀರಿನ ಮೇಲೆ ಮೈ ದೊಡ್ಡದು. ಗಾಳಿಯ ವೇಗ ಎರಡು ಪಟ್ಟಾದರೆ ಅದು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 30 ಕಿ.ಮೀ. ಗಾಳಿಗೆ ಒಂದು ಚದರ ಮೀಟರ್ ಮೈಯೊಡ್ಡಿದ ದೋಣಿಯ ಮೇಲೆ ಬೀಳುವ ಬಲ ಸುಮಾರು ನಾಲ್ಕು ಕೆ.ಜಿ. ಕೇಳಲು ಅಲ್ಪ. ಆದರೆ ಮೇಲಿನ ಲೆಕ್ಕದಲ್ಲಿ ಪ್ರತಿ ಎಳೆತದ ಲಾಭವೇ 8 ಕೆ.ಜಿ., ಅದೂ ಹುಟ್ಟು ನೀರಿನಲ್ಲಿರುವಷ್ಟು ಹೊತ್ತು ಮಾತ್ರ. ಗಾಳಿಗೆ ಬಿಡುವೇ ಇಲ್ಲ. ಬರೀ ತೋಳಿನಿಂದ ಅರ್ಧ ಬಲದಲ್ಲಿ ಎಳೆಯುವವರಿಗೆ ಬೀಸುವ ಗಾಳಿಗೆದುರಾಗಿ ದಡ ಹತ್ತಿರವಾಗುವುದಿಲ್ಲ. ಹಾಗಾಗಿ ಮುರಿಯುವ ಅಲೆಗಳ ಆಚೆಯ ಕಡಲಿಗೆ ಇಂಥ ದೋಣಿಯನ್ನು ಒಯ್ಯಲೇಬಾರದು, ಅದು ಹೊರ ಮೋಟರಿನ ಫೈಬರ್ ದೋಣಿಗಳಿಗೂ ಅದನ್ನು ಬಲ್ಲವರಿಗೂ ಸೇರಿದ ಜಾಗ. ಹಿನ್ನೀರಿನಲ್ಲೂ ಗಾಳಿಗೆದುರಾಗಿ ಹೊರಟು ಗಾಳಿಯ ಜೊತೆ ಮರಳುವುದು ಜಾಣತನ. ಪಳವೇರ್ಕಾಡಿನಲ್ಲಿ ಇನ್ನೊಂದನ್ನೂ ಗಮನಿಸಬೇಕು. ಅಲ್ಲಿನ ಮೀನುಗಾರರಲ್ಲಿ ಯಾರು ಎಲ್ಲಿ, ಯಾವ ಸರದಿಯಲ್ಲಿ ಬಲೆ ಬಿಡಬೇಕೆಂದು ಗೊತ್ತುಮಾಡುವ ‘ಪಾಡು’ ಎಂಬ ಹಳೆಯ ಕಟ್ಟಳೆಯಿದೆ. ಗಾಳ ಹಿಡಿದು ಹೋದವರು ಬಲೆಯ ಸಾಲಿನಿಂದ ದೂರ ಉಳಿಯಬೇಕು, ಊರವರನ್ನು ಕೇಳಿಯೇ ನೀರಿಗಿಳಿಯಬೇಕು.

ಷೂ ಬಿಗಿದ ರೇಸ್ ದೋಣಿಯಿಂದ ಒಂದನ್ನು ಮಾತ್ರ ನಕಲು ಮಾಡಬಾರದು, ಅದು ಕಾಲು ಕಟ್ಟುವುದು. ಅಲ್ಲಿಯೂ ಹಿಮ್ಮಡಿ ಏಳು ಸೆಂಟಿಮೀಟರಿಗಿಂತ ಮೇಲೇಳದಂತೆ ದಾರ ಹಾಕಿ, ದೋಣಿ ಮಗುಚಿದರೆ ಪಾದ ತಾನಾಗಿ ಕಳಚಿ ಬರುವಂತೆ ಮಾಡಿರಬೇಕು, ಪಟ್ಟಿಯನ್ನು ಒಂದೇ ಕೈಯಿಂದ ಎಳೆದು ಬಿಚ್ಚುವಂತಿರಬೇಕು ಎಂಬುದು ಕಡ್ಡಾಯ ನಿಯಮ. ಗಾಳಿ ದೋಣಿಯಲ್ಲಿ ಪಾದದ ಮೇಲೆ ಹಾಯುವ ಪಟ್ಟಿ, ಕುಣಿಕೆ ಯಾವುದೂ ಬೇಡ. ಒತ್ತಲು ಆಸರೆ, ಎತ್ತಲು ಸ್ವಾತಂತ್ರ್ಯ, ಇಷ್ಟು ಸಾಕು. ಪೈಪಿಗೂ ನೆಲಕ್ಕೂ ನಡುವೆ ಪಾದ ಸಿಕ್ಕಿಕೊಳ್ಳುವಷ್ಟು ಸಂದು ಉಳಿಯಬಾರದು. ಗಾಳದ ದಾರ ಸುತ್ತಿಕೊಳ್ಳುವಂಥ ಉದ್ದನೆಯ ಬೋಲ್ಟಿನ ತುದಿಯನ್ನು ಗರಗಸದಿಂದ ಕೊಯ್ದು ಕ್ಯಾಪ್ ಹಾಕಬೇಕು. ಲೈಫ್ ಜಾಕೆಟ್ ಮೈಮೇಲಿರಬೇಕು, ಸೀಟಿನ ಅಡಿಯಲ್ಲಲ್ಲ.

ಒಂದೇ ದೋಣಿಯನ್ನು ಅಪ್ಪನೂ ಮಗಳೂ ಬಳಸುವ ಮನೆಯಲ್ಲಿ ಪಟ್ಟಿಯ ಮೇಲೆ ಬೇರೆ ಬೇರೆ ಬಣ್ಣದ ದಾರದಿಂದ ಒಂದೊಂದು ಹೊಲಿಗೆ ಹಾಕಿ ಇಬ್ಬರ ಅಳತೆಯನ್ನೂ ಗುರುತು ಮಾಡಿಟ್ಟರೆ, ಜಾಗ ಬದಲಿಸುವಾಗ ಬಕಲನ್ನು ಆ ಗುರುತಿಗೆ ಎಳೆದರಾಯಿತು. ಬೋಲ್ಟುಗಳು 316 ದರ್ಜೆಯ ಸ್ಟೀಲಿನವಾಗಿದ್ದರೆ ಉಪ್ಪುನೀರಿಗೆ ಬಾಳುತ್ತವೆ. ಅಡುಗೆಮನೆ ಪಾತ್ರೆಗಳ 304 ಅಷ್ಟು ಬಾಳುವುದಿಲ್ಲ, ಕೆಲವು ತಿಂಗಳಲ್ಲಿ ಕಂದು ಚುಕ್ಕೆ ಬರುತ್ತವೆ. ಸಾಮಾನ್ಯ ಕಬ್ಬಿಣದ ಮಾತೇ ಬೇಡ. ಅಲ್ಯೂಮಿನಿಯಂ ಕೊಳವೆಗೆ ಸ್ಟೀಲಿನ ಬೋಲ್ಟು ಹಾಕುವುದಾದರೆ ನಡುವೆ ಪ್ಲಾಸ್ಟಿಕ್ ವಾಷರ್ ಇರಲಿ, ಉಪ್ಪುನೀರಿನಲ್ಲಿ ಆ ಎರಡು ಲೋಹ ತಾಗಿದರೆ ಅಲ್ಯೂಮಿನಿಯಂ ಬೇಗ ತಿಂದುಹೋಗುತ್ತದೆ. ಮನೆಗೆ ಬಂದ ದಿನವೇ ಪೈಪು, ಪಟ್ಟಿ, ಹಲಗೆಯನ್ನು ಬಿಚ್ಚಿ ಸಿಹಿನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ, ದೋಣಿಯ ಚೀಲದಲ್ಲೇ ಇಡಬೇಕು.